ನಮ್ಮ ಲೈಬ್ರರಿಗೆ ಎರಡನೇ ಮೇಂಟೇನರ್ ಸಿಕ್ಕಿದ ವರ್ಷ

ವರ್ಷ ಮುಗೀತಾ ಬಂತು. ಪ್ರತಿ ಡಿಸೆಂಬರ್‌ನಲ್ಲಿ ನಮ್ಮ ಪ್ರಾಜೆಕ್ಟ್ ಏನಾಯ್ತು, ಎಲ್ಲಿಗೆ ಬಂತು ಅಂತ ಬರೆದಿಡೋದು ನಂಗೆ ಅಭ್ಯಾಸ, ಇದು 2025ರದ್ದು. ಹೊಸಬರಿಗೆ ಮೊದ್ಲೇ ಹೇಳ್ಬಿಡ್ತೀನಿ, ಇದು ಪೈಥಾನ್‌ನಲ್ಲಿ ಬರ್ದಿರೋ ಒಂದು ಸಣ್ಣ ಓಪನ್ ಸೋರ್ಸ್ ಲೈಬ್ರರಿ, ಅಂದ್ರೆ ಬೇರೆ ಪ್ರೋಗ್ರಾಂಗಳು ಬಳಸ್ಕೊಳ್ಳೋ, ಎಲ್ಲರಿಗೂ ತೆರೆದಿಟ್ಟ ಕೋಡ್, ನುಡಿ, ಬರಹ ಥರದ ಹಳೇ ಫಾಂಟ್‌ಗಳಲ್ಲಿ ಟೈಪ್ ಮಾಡಿಟ್ಟಿರೋ ಕನ್ನಡನ ಯೂನಿಕೋಡ್‌ಗೆ, ಅಂದ್ರೆ ಈಗಿನ ಕಂಪ್ಯೂಟರ್ ಮೊಬೈಲ್ ಎಲ್ಲ ಓದೋ ಸಂಕೇತಕ್ಕೆ, ತರೋದು ಇದರ ಮುಖ್ಯ ಕೆಲ್ಸ, ಜೊತೆಗೆ ಪದಗಳನ್ನ ಅಕ್ಷರ ಅಕ್ಷರವಾಗಿ ಬಿಡ್ಸೋದು, ಅಕಾರಾದಿಯಾಗಿ ಜೋಡ್ಸೋದು ಇಂಥವೂ ಇವೆ. ಹಗಲು ಹೊತ್ತು ನಾನು ಎಲೆಕ್ಟ್ರಾನಿಕ್ ಸಿಟೀಲಿ ಬೇರೆ ಕೆಲ್ಸ ಮಾಡ್ತೀನಿ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ, ಇದು ರಾತ್ರಿ ಮತ್ತೆ ಭಾನುವಾರದ ಕೆಲ್ಸ. ಆಗಸ್ಟ್‌ನಲ್ಲಿ ಹಳದಿ ಮೆಟ್ರೋ ಶುರುವಾದ್ಮೇಲೆ ಆರ್.ವಿ. ರೋಡಲ್ಲಿ ಹತ್ತಿ ಕೂರೋಕೆ ಜಾಗ ಸಿಕ್ಕಿದ ದಿನ ಬಳಸೋರು ಹಾಕಿರೋ ಒಂದೆರಡು ಇಶ್ಯೂನ (ದೂರುಗಳನ್ನ) ಅಲ್ಲೇ ಓದಿ ಉತ್ತರ ಬರ್ದುಬಿಡ್ತೀನಿ.

ಹೊಸ ಫೀಚರ್ ಅಂತ ಹೇಳ್ಕೊಳ್ಳೋಕೆ ಈ ವರ್ಷ ಜಾಸ್ತಿ ಇಲ್ಲ. ಆದ್ರೆ ಇಷ್ಟು ವರ್ಷದಲ್ಲಿ ನಂಗೆ ತುಂಬಾ ಸಮಾಧಾನ ಕೊಟ್ಟ ವರ್ಷ ಇದೇ, ಯಾಕಂದ್ರೆ ಲೈಬ್ರರಿ ನೋಡ್ಕೊಳ್ಳೋ ಮೇಂಟೇನರ್ ಈಗ ನಾನೊಬ್ಬಳೇ ಅಲ್ಲ, ಹೊಸ ವರ್ಶನ್ ರಿಲೀಸ್ ಮಾಡೋ ಹಕ್ಕು ಇನ್ನೊಬ್ಬಳ ಕೈಲೂ ಇದೆ. ಇದು ಸಣ್ಣ ವಿಷ್ಯ ಅನ್ಸಬಹುದು, ನಮ್ಮ ಕೋಡ್ ಇರೋ ಗಿಟ್‌ಹಬ್ ಸೈಟಲ್ಲಿ ಒಂದು ಬಟನ್ ಒತ್ತಿದ್ರೆ ಆಗೋದಲ್ವಾ ಅಂತ ಕೇಳೋರೂ ಇದಾರೆ. ಆ ಬಟನ್ ಒತ್ತೋಕೆ ಮುಂಚೆ ಏನೇನು ಮಾಡಿದ್ವಿ, ಯಾಕೆ ಅಷ್ಟು ಹೊತ್ತು ಹಿಡೀತು ಅನ್ನೋದೇ ಈ ಬರಹದ ಮುಖ್ಯ ಭಾಗ, ಆದ್ರೆ ಅದಕ್ಕೆ ಮೊದ್ಲು ಚಾಮರಾಜಪೇಟೆಯ ಅಂಗಡಿ ವಿಷ್ಯ ಹೇಳ್ಬೇಕು, ಅವಳು ಎಂಥ ಕೆಲ್ಸಗಾರ್ತಿ ಅಂತ ನಂಗೆ ಪೂರ್ತಿ ಗೊತ್ತಾಗಿದ್ದು ಅಲ್ಲೇ.

ಸ್ವಲ್ಪ ಹಿನ್ನೆಲೆ. ತೊಂಬತ್ತರ ದಶಕದಿಂದ ಹಿಡಿದು ತೀರಾ ಈಚಿನವರೆಗೂ ಕನ್ನಡದಲ್ಲಿ ಅಚ್ಚಾದ ಎಷ್ಟೋ ಪುಸ್ತಕ, ಸರ್ಕಾರಿ ಆದೇಶ, ಅಭಿನಂದನಾ ಗ್ರಂಥ, ಮದುವೆ ಕಾರ್ಡು ಎಲ್ಲ ಈ ಹಳೇ ಫಾಂಟ್‌ಗಳಲ್ಲೇ ಟೈಪ್ ಆಗಿರೋದು. ಆ ಫೈಲ್ ಒಳಗೆ ನಿಜವಾಗಿ ಕನ್ನಡ ಇರಲ್ಲ, ಇಂಗ್ಲಿಷ್ ಅಕ್ಷರಗಳು, ತಲೆ ಮೇಲೆ ಗೆರೆ ಚುಕ್ಕಿ ಇರೋ ಯುರೋಪಿನ ಅಕ್ಷರಗಳು, ಇವುಗಳ ಜಾಗದಲ್ಲಿ ಕನ್ನಡದ ತುಂಡುಗಳ ಚಿತ್ರ ಕೂರ್ಸಿರ್ತಾರೆ. ಫಾಂಟ್ ಇದ್ರೆ ಕನ್ನಡ ಕಾಣುತ್ತೆ, ಫಾಂಟ್ ಇಲ್ಲ ಅಂದ್ರೆ ತಲೆಬುಡ ಇಲ್ಲದ ಸಾಲುಗಳು. ಹುಡುಕಿದ್ರೆ ಸಿಗಲ್ಲ, ಮೊಬೈಲ್‌ನಲ್ಲಿ ಓದೋಕಾಗಲ್ಲ, ಕಣ್ಣು ಕಾಣದೋರಿಗೆ ಸ್ಕ್ರೀನ್ ರೀಡರ್ ಓದಿ ಹೇಳಲ್ಲ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತೀಲೇ ಜಾಗ ಸಿಕ್ಕಿತ್ತು, 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಜೊತೆ ಯೂನಿಕೋಡ್ ಕನ್ನಡದ ತುಂಗಾ ಫಾಂಟೂ ಬಂತು, ಆದ್ರೆ ಅಚ್ಚಿನೋರು ಪುಟ ಜೋಡ್ಸೋಕೆ ಬಳಸ್ತಿದ್ದ ಪೇಜ್‌ಮೇಕರ್ ಸಾಫ್ಟ್‌ವೇರ್‌ಗೆ ಯೂನಿಕೋಡ್ ಗೊತ್ತೇ ಇರ್ಲಿಲ್ಲ, 2001ರ 7.0 ವರ್ಶನ್ ಆದ್ಮೇಲೆ ಹೊಸದು ಬರೋದೇ ನಿಂತುಹೋಯ್ತು. ಹಾಗಾಗಿ ಅವ್ರನ್ನ ದೂರೋದ್ರಲ್ಲಿ ಅರ್ಥ ಇಲ್ಲ, ಅವ್ರ ಕೈಲಿದ್ದ ಸಾಮಾನಲ್ಲಿ ಅವ್ರು ಕನ್ನಡ ಅಚ್ಚು ಹಾಕಿ ಕೊಟ್ರು, ಆ ಕನ್ನಡನ ಅಲ್ಲಿಂದ ಬಿಡಿಸ್ಕೊಂಡು ಬರೋದು ಈಗ ನಮ್ಮ ಕೆಲ್ಸ.

ಚಾಮರಾಜಪೇಟೇಲಿ ಕನ್ನಡ ಸಾಹಿತ್ಯ ಪರಿಷತ್ತಿನಿಂದ ಸ್ವಲ್ಪ ಮುಂದೆ ಹೋದ್ರೆ ಅಚ್ಚಿಗೆ ಪುಟ ಟೈಪ್ ಮಾಡಿಕೊಡೋ ಒಂದು ಹಳೇ ಡಿಟಿಪಿ ಅಂಗಡಿ. ಒಬ್ಬ ಸಣ್ಣ ಪ್ರಕಾಶಕರು ತಮ್ಮ ಹಳೇ ಪುಸ್ತಕಗಳನ್ನ ಇ-ಬುಕ್ ಮಾಡ್ಬೇಕು ಅಂತ ಅಲ್ಲಿದ್ದ ಪೇಜ್‌ಮೇಕರ್ ಫೈಲ್‌ಗಳನ್ನ ಕೇಳಿದ್ರಂತೆ, ಅಂಗಡಿ ಯಜಮಾನ್ರ ಮಗ ನಮ್ಮ ಲೈಬ್ರರಿ ಇನ್‌ಸ್ಟಾಲ್ ಮಾಡಿ ಓಡ್ಸಿದ್ದಾನೆ, ಮುಕ್ಕಾಲು ಭಾಗ ಸರಿಯಾಗಿ ಬಂದಿದೆ, ಮಿಕ್ಕಿದ್ದು ಅಧ್ವಾನ. ಅವ್ನು ಹಾಕಿದ ಇಶ್ಯೂ ಒಂದೇ ಸಾಲು, ಅರ್ಕಾವತ್ತು ಎಲ್ಲೆಲ್ಲೋ ಹೋಗುತ್ತೆ ಅಂತ. ಫೈಲ್ ಕಳ್ಸಿ ಅಂದ್ರೆ ಪ್ರಕಾಶಕರು ಒಪ್ಪಲ್ಲ ಅಂದ. ಬಂದು ನೋಡ್ಬಹುದಾ ಅಂತ ಕೇಳ್ದೆ, ಬನ್ನಿ ಅಂದ್ರು. ಆಗ ನಮ್ಮ ಪ್ರಾಜೆಕ್ಟಿಗೆ ಟೆಸ್ಟ್ (ಕೋಡ್ ಸರಿಯಾಗಿದ್ಯಾ ಅಂತ ನೋಡೋ ಪರೀಕ್ಷೆ) ಬರ್ದುಕೊಡ್ತಿದ್ದ ಹುಡುಗೀನೂ ಬೆಂಗ್ಳೂರಲ್ಲೇ ಇರೋದು ಅಂತ ಗೊತ್ತಿತ್ತು, ನೀನೂ ಬರ್ತೀಯಾ ಅಂತ ಮೆಸೇಜ್ ಹಾಕ್ದೆ, ಅಕ್ಕ ನಾನು ಖಂಡಿತ ಬರ್ತೀನಿ ಅಂತ ಅವತ್ತೇ ಉತ್ತರ ಬಂತು.

ಅವಳ ಬಗ್ಗೆ ಇಲ್ಲೇ ಹೇಳ್ತೀನಿ. ತುಮಕೂರು ಕಡೆಯವಳು, ಜ್ಞಾನಭಾರತೀಲಿ ಕನ್ನಡ ಎಂ.ಎ. ಮಾಡಿ ಆಮೇಲೆ ಪೈಥಾನ್ ತಾನೇ ಕಲ್ತು ಈಗ ಒಂದು ಸಣ್ಣ ಕಂಪ್ನೀಲಿ ಟೆಸ್ಟಿಂಗ್ ಕೆಲ್ಸ ಮಾಡ್ತಾಳೆ. ಅವಳು ಕಳ್ಸಿದ ಮೊದಲ ಪುಲ್ ರಿಕ್ವೆಸ್ಟ್ (ಇದನ್ನ ಸೇರಿಸ್ಕೊಳ್ಳಿ ಅಂತ ಕಳ್ಸೋ ಬದಲಾವಣೆ) ನಮ್ಮ ಟೆಸ್ಟ್ ಫೈಲಲ್ಲಿದ್ದ ಒಂದು ಕಾಗುಣಿತದ ತಪ್ಪು ತಿದ್ದಿದ್ದು. ಆಮೇಲೂ ತುಂಬಾ ದಿನ ಕೋಡ್ ಮುಟ್ಟಲೇ ಇಲ್ಲ, ಬರೀ ಟೆಸ್ಟ್‌ಗಳನ್ನೇ ಕಳ್ಸೋಳು, ಒಂದೊಂದೂ ಒಂದೊಂದು ಪದ, ಪಕ್ಕದಲ್ಲಿ ಆ ಪದ ಯಾಕೆ ಕಷ್ಟ ಅಂತ ಒಂದು ಟಿಪ್ಪಣಿ. ಇಂಥ ಕೆಲ್ಸ ಮಾಡೋರು ಬಹಳ ಅಪರೂಪ, ಹೊಸ ಫೀಚರ್ ಬರೀತೀನಿ ಅನ್ನೋರು ಹತ್ತು ಜನ ಸಿಗ್ತಾರೆ, ಇರೋದು ಸರಿಯಾಗಿ ಕೆಲ್ಸ ಮಾಡ್ತಿದ್ಯಾ ಅಂತ ಕೂತು ನೋಡೋರು ಸಿಗಲ್ಲ.

ಅಂಗಡೀಲಿ ಹಳೇ ಕಂಪ್ಯೂಟರ್ ಆನ್ ಮಾಡಿ ಪೇಜ್‌ಮೇಕರ್ ತೆಗೆದು ಪಕ್ಕದಲ್ಲಿ ಅಚ್ಚಾದ ಪುಸ್ತಕ ಇಟ್ಕೊಂಡು ಕೂತ್ವಿ. ಅರ್ಕಾವತ್ತಿನ ಸಮಸ್ಯೆ ಏನಂದ್ರೆ, ಯೂನಿಕೋಡ್‌ನಲ್ಲಿ ನಾವು ಉಚ್ಚಾರ ಮಾಡೋ ಕ್ರಮದಲ್ಲೇ ಬರೀತೀವಿ, ಕರ್ನಾಟಕ ಅಂದ್ರೆ ಕ ಆದ್ಮೇಲೆ ಅರ್ಧ ರ್, ಆಮೇಲೆ ನಾ. ಹಳೇ ಫಾಂಟಲ್ಲಿ ಕಣ್ಣಿಗೆ ಕಾಣೋ ಕ್ರಮ, ಕ ಆದ್ಮೇಲೆ ನಾ, ಆಮೇಲೆ ಅರ್ಕಾವತ್ತಿನ ಕೊಂಡಿ. ಹಾಗಾಗಿ ಕನ್ವರ್ಟ್ ಮಾಡುವಾಗ ಆ ಕೊಂಡಿಯನ್ನ ಹಿಂದಕ್ಕೆ ಎತ್ಕೊಂಡು ಹೋಗಿ, ಒತ್ತಕ್ಷರ ಗುಣಿತ ಎಲ್ಲ ದಾಟ್ಸಿ, ಸರಿಯಾದ ವ್ಯಂಜನಕ್ಕಿಂತ ಮೊದ್ಲು ಕೂರ್ಸಬೇಕು. ಅದನ್ನ ನಮ್ಮ ಕೋಡ್ ಮೊದ್ಲಿಂದ ಮಾಡ್ತಿತ್ತು, ಕರ್ನಾಟಕ, ಧರ್ಮ, ವರ್ಷ ಎಲ್ಲ ಸರಿ ಬರ್ತಿದ್ವು. ಈ ಪುಸ್ತಕದಲ್ಲಿ ಕೆಡ್ತಿದ್ದಿದ್ದು ಸಾಮರ್ಥ್ಯ, ಅರ್ಘ್ಯ, ದಾರ್ಢ್ಯ ಇಂಥ ಪದಗಳು, ಅದೂ ಎಲ್ಲ ಕಡೆ ಅಲ್ಲ, ಕೆಲವು ಅಧ್ಯಾಯಗಳಲ್ಲಿ ಮಾತ್ರ. ನಾನು ಯಾವ ಹಳೇ ಸಂಕೇತಕ್ಕೆ ಯಾವ ಯೂನಿಕೋಡ್ ಅನ್ನೋ ನಮ್ಮ ಟೇಬಲ್‌ನಲ್ಲೇ ಏನೋ ಬಿಟ್ಟುಹೋಗಿರ್ಬೇಕು ಅಂತ ಲ್ಯಾಪ್‌ಟಾಪ್ ತೆಗ್ದು ಕೂತಿದ್ದೆ, ಇವಳು ಯಜಮಾನ್ರನ್ನ, ಸರ್ ಈ ಪದನ ನೀವು ಈಗ ಇನ್ನೊಂದ್ಸಲ ಟೈಪ್ ಮಾಡಿ ತೋರಿಸ್ತೀರಾ ಅಂತ ಕೇಳಿದ್ಲು.

ಅವ್ರು ಟೈಪ್ ಮಾಡಿದ್ರು. ಸಾಮರ್ಥ್ಯ ಅಂತ ಹೊಡೆದ್ರು, ತಲೆ ಓರೆ ಮಾಡಿ ನೋಡಿದ್ರು, ಆಮೇಲೆ ಯಕಾರದ ಒತ್ತಿಗೂ ಅರ್ಕಾವತ್ತಿಗೂ ಮಧ್ಯೆ ಒಂದು ಸ್ಪೇಸ್ ಹಾಕಿ ಆ ಸ್ಪೇಸನ್ನ ಮಾತ್ರ ಸೆಲೆಕ್ಟ್ ಮಾಡಿ ಅದರ ಸೈಜ್‌ನ ತೀರಾ ಚಿಕ್ಕದು ಮಾಡಿದ್ರು. ಯಾಕೆ ಸರ್ ಅಂದ್ರೆ, "ಇಲ್ಲಾಂದ್ರೆ ಒತ್ತಿನ ಬಾಲಕ್ಕೆ ಅರ್ಕಾವತ್ತು ಬಂದು ತಾಗುತ್ತಲ್ಲಮ್ಮ, ಅಚ್ಚಲ್ಲಿ ಮಸಿ ಮೆತ್ಕೊಂಡಂಗೆ ಕಾಣುತ್ತೆ, ಸಾಹಿತಿಗಳು ಪ್ರೂಫ್ ನೋಡಿ ಬೈಯೋರು" ಅಂದ್ರು. ಪುಸ್ತಕದಲ್ಲಿ ಆ ಪದ ತೆಗೆದು ನೋಡಿದ್ರೆ ಎಷ್ಟು ಅಂದವಾಗಿ ಕೂತಿದೆ ಗೊತ್ತಾ, ಒತ್ತು ಬೇರೆ ಅರ್ಕಾವತ್ತು ಬೇರೆ, ಮಧ್ಯೆ ಕೂದಲೆಳೆಯಷ್ಟು ಜಾಗ. ಅವ್ರು ಕೂರ್ಸಿದ ಅಧ್ಯಾಯಗಳಲ್ಲೆಲ್ಲ ಹಾಗಿದೆ, ಆಗ ಅಂಗಡೀಲಿದ್ದ ಇನ್ನೊಬ್ಬ ಹುಡುಗ ಕೂರ್ಸಿದ ಅಧ್ಯಾಯಗಳಲ್ಲಿ ಇಲ್ಲ. ಫೈಲಿಂದ ಬರೀ ಪಠ್ಯ ಹೊರಗೆ ತೆಗ್ದಾಗ ಆ ಕೂದಲೆಳೆ ಜಾಗ ಪೂರ್ತಿ ಸ್ಪೇಸ್ ಆಗಿ ಬರುತ್ತೆ, ನಮ್ಮ ಕೋಡ್ ಅಲ್ಲಿಗೆ ಪದ ಮುಗೀತು ಅಂದ್ಕೊಂಡು ಅರ್ಕಾವತ್ತನ್ನ ಮುಂದಿನ ಪದಕ್ಕೆ ತಗೊಂಡು ಹೋಗಿ ಅಂಟಿಸ್ತಿತ್ತು.

ಪರಿಹಾರನೂ ಅಲ್ಲೇ ಕೂತಿರುವಾಗ ಅವಳಿಗೇ ಹೊಳೀತು. ಹಳೇ ಕ್ರಮದಲ್ಲಿ ಅರ್ಕಾವತ್ತು ಯಾವತ್ತೂ ತನ್ನ ವ್ಯಂಜನ ಆದ್ಮೇಲೇನೇ ಬರೋದು, ಅದರಿಂದ ಪದ ಶುರುವಾಗೋಕೆ ಸಾಧ್ಯನೇ ಇಲ್ಲ, ಹಾಗಾಗಿ ಅರ್ಕಾವತ್ತಿನ ಮುಂಚೆ ಸ್ಪೇಸ್ ಇದ್ರೆ ಅದು ಅಂದಕ್ಕೆ ಹಾಕಿದ್ದೇ, ಕಣ್ಣು ಮುಚ್ಕೊಂಡು ತೆಗೀಬಹುದು. ರ‍್ಯಾಂಕ್, ರ‍್ಯಾಲಿ ಇಂಥ ಪದಗಳ ಕಥೆ ಏನು ಅಂತ ನಾನು ಕೇಳ್ದೆ, ಅಲ್ಲಿ ಪೂರ್ತಿ ರಕಾರ ಬರ್ದು ಅದಕ್ಕೆ ಯ ಒತ್ತು ಕೊಟ್ಟಿರ್ತಾರೆ ಅಕ್ಕ, ಅಲ್ಲಿ ಅರ್ಕಾವತ್ತೇ ಇಲ್ಲ ಅಂದ್ಲು. ಸರಿ. ಕೋಡ್ ನಾಲ್ಕೈದು ಸಾಲು. ಆ ನಾಲ್ಕೈದು ಸಾಲು ಎಷ್ಟು ಪುಸ್ತಕಗಳನ್ನ ಸರಿ ಮಾಡುತ್ತೋ ಲೆಕ್ಕ ಇಲ್ಲ, ಆಮೇಲೆ ಬೇರೆ ಕಡೆಯಿಂದ ಬಂದ ಫೈಲ್‌ಗಳಲ್ಲೂ ಇದೇ ಸ್ಪೇಸ್ ಸಿಕ್ತು, ಅಂದ್ರೆ ಈ ಉಪಾಯ ಆ ಕಾಲದ ಆಪರೇಟರ್‌ಗಳು ಸುಮಾರು ಜನಕ್ಕೆ ಗೊತ್ತಿತ್ತು ಅಂತಾಯ್ತು.

ರ‍್ಯಾಂಕ್ ವಿಷ್ಯ ಬಂದಿದ್ದಕ್ಕೆ ಇದೂ ಹೇಳ್ಬಿಡ್ತೀನಿ, ಈ ವರ್ಷ ಅದನ್ನೂ ಮುಗ್ಸಿದ್ವಿ. ಯೂನಿಕೋಡ್‌ನಲ್ಲಿ ರ, ಹಲಂತ (ಅರ್ಧಾಕ್ಷರದ ಚಿಹ್ನೆ), ಯ ಅಂತ ಸುಮ್ನೆ ಬರೆದ್ರೆ ಕಾರ್ಯದಲ್ಲಿ ಬರೋ ಥರ ಅರ್ಕಾವತ್ತು ಬರುತ್ತೆ, ರಕಾರ ಉಳಿಸ್ಕೊಳ್ಳೋಕೆ ಮಧ್ಯೆ ಕಣ್ಣಿಗೆ ಕಾಣದ ಜೀರೋ ವಿಡ್ತ್ ಜಾಯಿನರ್ ಹಾಕ್ಬೇಕು. ಯೂನಿಕೋಡ್ ಹೇಳೋದು ರ ಆದ್ಮೇಲೆ ಜಾಯಿನರ್, ಆಮೇಲೆ ಹಲಂತ. ಆದ್ರೆ ಹಲಂತ ಆದ್ಮೇಲೆ ಜಾಯಿನರ್ ಹಾಕಿರೋ ಪಠ್ಯಾನೂ ಬೇಕಾದಷ್ಟಿದೆ. ಎರಡೂ ಪರದೆ ಮೇಲೆ ಒಂದೇ ಥರ ಕಾಣುತ್ತೆ, ಹುಡುಕಿದ್ರೆ ಒಂದು ಸಿಗುತ್ತೆ ಇನ್ನೊಂದು ಸಿಗಲ್ಲ. ನಾವು ಒಳಗೆ ಬರೋ ಎರಡನ್ನೂ ಒಪ್ಕೊಂಡು ಹೊರಗೆ ಕೊಡುವಾಗ ಯೂನಿಕೋಡ್ ಹೇಳಿದ ಕ್ರಮ ಒಂದನ್ನೇ ಕೊಡ್ತೀವಿ ಅಂತ ನಿರ್ಧಾರ ಮಾಡಿದ್ವಿ. ಇದ್ರಿಂದ ಹಳೇ ವರ್ಶನ್ ಬಳಸ್ತಿದ್ದ ಒಂದಿಬ್ರಿಗೆ ತಮ್ಮ ಹುಡುಕಾಟದ ಇಂಡೆಕ್ಸ್ ಮತ್ತೆ ಮಾಡೋ ಕೆಲ್ಸ ಬಿತ್ತು, ಆದ್ರೂ ಇದು ಸರಿಯಾದ ನಿರ್ಧಾರ ಅಂತ ನಂಗೆ ಅನುಮಾನ ಇಲ್ಲ.

ಈಗ ಆ ಬಟನ್ ವಿಷ್ಯ.

2024ರ ಮಾರ್ಚ್ 29ಕ್ಕೆ ಎಕ್ಸ್‌ಜೆಡ್ ಸುದ್ದಿ ಬಂತು, ಈ ಫೀಲ್ಡಲ್ಲಿ ಇರೋರಿಗೆ ಅದು ನೆನಪಿರುತ್ತೆ. ಲಿನಕ್ಸ್‌ನಲ್ಲಿ ಎಲ್ಲ ಕಡೆ ಇರೋ, ಫೈಲ್ ಕುಗ್ಸೋ ಒಂದು ಕಂಪ್ರೆಶನ್ ಲೈಬ್ರರಿ, ಅದರ 5.6.0 ಮತ್ತೆ 5.6.1 ವರ್ಶನ್‌ಗಳಲ್ಲಿ ಯಾರೋ ಹಿಂಬಾಗಿಲು, ಅಂದ್ರೆ ಗೊತ್ತಾಗದ ಹಾಗೆ ಕಂಪ್ಯೂಟರ್ ಒಳಗೆ ನುಗ್ಗೋ ದಾರಿ, ಇಟ್ಟುಬಿಟ್ಟಿದ್ರು. ಆಂಡ್ರೆಸ್ ಫ್ರಾಯಿಂಡ್ ಅನ್ನೋ ಪೋಸ್ಟ್‌ಗ್ರೆಸ್ ಡೇಟಾಬೇಸಿನ ಎಂಜಿನಿಯರ್, ಎಸ್‌ಎಸ್‌ಎಚ್ ಲಾಗಿನ್‌ಗೆ (ದೂರದ ಕಂಪ್ಯೂಟರ್ ಒಳಗೆ ಹೋಗೋಕೆ) ಅರ್ಧ ಸೆಕೆಂಡ್ ಜಾಸ್ತಿ ಹಿಡೀತಿದೆಯಲ್ಲ ಯಾಕೆ ಅಂತ ಬೆನ್ನು ಹತ್ತಿ ಹೋಗಿದ್ದಕ್ಕೆ ಸಿಕ್ಕಿಬಿತ್ತು. ನಂಗೆ ನಿದ್ದೆ ಕೆಡ್ಸಿದ್ದು ಆ ಕೋಡ್ ಅಲ್ಲ, ಅದಕ್ಕೆ ಮುಂಚಿನ ಎರಡು ವರ್ಷದ ಮೇಲ್‌ಗಳು. ಆ ಲೈಬ್ರರೀನ ಒಬ್ರೇ ನೋಡ್ಕೊಳ್ತಿದ್ರು, ಸುಸ್ತಾಗಿದ್ರು, ಇದು ಸಂಬಳ ಇಲ್ಲದ ಹವ್ಯಾಸದ ಕೆಲ್ಸ ಅಂತ 2022ರಲ್ಲೇ ಬರ್ದಿದ್ರು. ಯಾಕೆ ಲೇಟು, ಬೇರೆಯವ್ರಿಗೆ ಕೊಟ್ಟುಬಿಡಿ ಅಂತ ಕೆಲವ್ರು ಒತ್ತಡ ಹಾಕಿದ್ರು, ಅದೇ ಹೊತ್ತಿಗೆ ಒಬ್ಬ ವಿನಯವಾಗಿ, ತಾಳ್ಮೆಯಿಂದ, ಒಳ್ಳೊಳ್ಳೆ ಪ್ಯಾಚ್ ಕಳಿಸ್ಕೊಂಡು ಹತ್ರ ಬಂದ, ಅವನಿಗೆ ಹಕ್ಕು ಸಿಕ್ತು, ಅವನೇ ಹಿಂಬಾಗಿಲು ಇಟ್ಟಿದ್ದು.

ಓದ್ತಾ ಓದ್ತಾ ಒಂದು ವಿಷ್ಯ ಚುಚ್ಚೋಕೆ ಶುರುವಾಯ್ತು. ಒಬ್ರೇ ಇರೋದು ಅಪಾಯ, ಅದು ಎಲ್ಲರಿಗೂ ಗೊತ್ತು, ನಂಗೆ ನಾಳೆ ಏನಾದ್ರೂ ಆದ್ರೆ ಈ ಲೈಬ್ರರಿಗೆ ಇನ್ನೊಂದು ರಿಲೀಸ್ ಮಾಡೋರೂ ಇಲ್ಲ. ಆದ್ರೆ ಇನ್ನೊಬ್ರನ್ನ ಸೇರಿಸ್ಕೊಳ್ಳೋದೇ ಅಲ್ಲಿ ಅಪಾಯದ ಬಾಗಿಲಾಯ್ತಲ್ಲ. ತಾಳ್ಮೆ, ವಿನಯ, ವರ್ಷಗಟ್ಲೆ ಒಳ್ಳೆ ಕೆಲ್ಸ, ನಾವು ಒಬ್ರನ್ನ ನಂಬೋಕೆ ನೋಡೋದೇ ಇದನ್ನ, ಅದೆಲ್ಲ ಅವನಲ್ಲೂ ಇತ್ತು. ಹಾಗಂತ ಯಾರನ್ನೂ ನಂಬದೇ ಇದ್ರೆ ಪ್ರಾಜೆಕ್ಟ್ ನನ್ನ ಜೊತೇನೇ ಮುಗಿಯುತ್ತೆ. ಇದ್ರ ಬಗ್ಗೆ ತುಂಬಾ ದಿನ ಯೋಚ್ನೆ ಮಾಡಿ ನಾನು ಒಂದು ತೀರ್ಮಾನಕ್ಕೆ ಬಂದೆ: ಮನುಷ್ಯರನ್ನ ನಂಬ್ಬೇಕು, ಆದ್ರೆ ಯಾರೇ ಒಬ್ರು ಕೆಟ್ಟದ್ದು ಮಾಡಿದ್ರೂ, ನಾನೇ ಮಾಡಿದ್ರೂ, ಇನ್ನೊಬ್ರ ಕಣ್ಣಿಗೆ ಬೀಳೋ ಹಾಗೆ ಮನೆ ಕಟ್ಟಬೇಕು. ಈ ವರ್ಷದ ಬಹುಪಾಲು ಕೆಲ್ಸ ಆ ಕಟ್ಟೋದೇ ಆಗಿತ್ತು.

ಮೊದ್ಲು ಟೆಸ್ಟ್ ಫೈಲ್‌ಗಳು. ಎಕ್ಸ್‌ಜೆಡ್‌ನಲ್ಲಿ ವಿಷ ಅಡಗ್ಸಿಟ್ಟಿದ್ದು ಟೆಸ್ಟ್‌ಗೆ ಅಂತ ಸೇರ್ಸಿದ್ದ, ಕಣ್ಣಲ್ಲಿ ಓದೋಕಾಗದ ಬೈನರಿ ಫೈಲ್‌ಗಳ ಒಳಗೆ, ಅದನ್ನ ತೆರೆದು ಓದೋರು ಯಾರು. ನಮ್ಮ ಪ್ರಾಜೆಕ್ಟಲ್ಲೂ ಜನ ಕಳ್ಸಿದ ಪೇಜ್‌ಮೇಕರ್ ಫೈಲ್‌ಗಳು, ಹಳೇ ವರ್ಡ್ ಫೈಲ್‌ಗಳು ಟೆಸ್ಟ್ ಫೋಲ್ಡರಲ್ಲಿ ಗುಡ್ಡೆ ಬಿದ್ದಿದ್ವು. ಅವೆಲ್ಲಾನೂ ತೆಗೆದ್ವಿ. ಈಗ ಟೆಸ್ಟ್ ಅಂದ್ರೆ ಸಾದಾ ಪಠ್ಯ, ಒಂದು ಸಾಲಲ್ಲಿ ಹಳೇ ಸಂಕೇತ, ಪಕ್ಕದಲ್ಲಿ ಬರಬೇಕಾದ ಯೂನಿಕೋಡ್ ಪದ, ಆ ಪದ ಯಾವ ಥರದ ಫೈಲಲ್ಲಿ ಸಿಕ್ತು ಅನ್ನೋ ಟಿಪ್ಪಣಿ. ಯಾರು ಬೇಕಾದ್ರೂ ಕಣ್ಣಲ್ಲಿ ಓದಿ ಸರಿ ತಪ್ಪು ಹೇಳ್ಬಹುದು. ಪುಸ್ತಕಗಳ ಪ್ಯಾರಾಗ್ರಾಫ್‌ಗಳನ್ನ ಇಡದೆ ಬರೀ ಬಿಡಿ ಪದ ಇಡೋದ್ರಿಂದ ಕಾಪಿರೈಟ್ ತಕರಾರೂ ಇಲ್ಲ. ಈ ಇಡೀ ಕೆಲ್ಸ ಅವಳೇ ಮಾಡಿದ್ದು, ಮಳೆಗಾಲ ಪೂರ್ತಿ ಹಿಡೀತು.

ಎರಡನೇದು ರಿಲೀಸ್ ಆಗೋ ದಾರಿ. ಎಕ್ಸ್‌ಜೆಡ್‌ನಲ್ಲಿ ಎಲ್ಲರ ಕಣ್ಮುಂದೆ ಕೋಡ್ ಇಡೋ ಗಿಟ್‌ನಲ್ಲಿ ಇಲ್ಲದ ಒಂದು ಬಿಲ್ಡ್ ಸ್ಕ್ರಿಪ್ಟ್, ರಿಲೀಸ್ ಮಾಡಿ ಹಂಚೋ ಟಾರ್‌ಬಾಲ್ ಫೈಲಲ್ಲಿ ಮಾತ್ರ ಇತ್ತು, ಅಂದ್ರೆ ಎಲ್ಲರೂ ನೋಡೋ ಕೋಡ್ ಒಂದು, ಜನಕ್ಕೆ ತಲುಪೋದು ಇನ್ನೊಂದು. ನಮ್ಮಲ್ಲಿ ಈಗ ಯಾರ ಲ್ಯಾಪ್‌ಟಾಪಿಂದಾನೂ ರಿಲೀಸ್ ಆಗಲ್ಲ. ಗಿಟ್‌ಹಬ್‌ನಲ್ಲಿ ಟ್ಯಾಗ್ (ಇದು ಹೊಸ ವರ್ಶನ್ ಅನ್ನೋ ಗುರುತು) ಹಾಕಿದ್ರೆ ಅಲ್ಲೇ ಬಿಲ್ಡ್ ಆಗಿ ಅಲ್ಲಿಂದಲೇ ಪೈಥಾನ್ ಲೈಬ್ರರಿಗಳನ್ನ ಹಂಚೋ ಪೈಪಿಐಗೆ ಹೋಗುತ್ತೆ. ಪೈಪಿಐನೋರು 2023ರಲ್ಲಿ ಟ್ರಸ್ಟೆಡ್ ಪಬ್ಲಿಷಿಂಗ್ ಅಂತ ತಂದ್ರಲ್ಲ, ಅದರಿಂದ ಪಾಸ್‌ವರ್ಡಾಗಲಿ ಟೋಕನ್ನಾಗಲಿ ಎಲ್ಲೂ ಬರೆದಿಡೋ ಅಗತ್ಯ ಇಲ್ಲ, ಕಳವಾಗೋಕೆ ಏನೂ ಇರೋದೇ ಇಲ್ಲ. ಅದರ ಮೇಲೆ ಒಬ್ರು ಟ್ಯಾಗ್ ಹಾಕಿದ್ರೆ ಇನ್ನೊಬ್ರು ನೋಡಿ ಒಪ್ಪಿಗೆ ಕೊಡೋವರೆಗೂ ಅದು ಮುಂದೆ ಹೋಗಲ್ಲ ಅಂತ ಸೆಟಿಂಗ್ ಮಾಡಿದ್ವಿ, ಎಲ್ಲರಿಗೂ ತೆರೆದಿಟ್ಟ ಕೋಡ್ ರೆಪೋಗಳಿಗೆ ಗಿಟ್‌ಹಬ್ ಇದನ್ನ ಉಚಿತವಾಗೇ ಕೊಡುತ್ತೆ. ಒಬ್ರೇ ಇರೋ ಪ್ರಾಜೆಕ್ಟಲ್ಲಿ ಈ ನಿಯಮ ಇಟ್ಕೊಳ್ಳೋಕಾಗಲ್ಲ, ಇಬ್ರು ಇದ್ರೇನೇ ಇದಕ್ಕೆ ಅರ್ಥ. ಎಕ್ಸ್‌ಜೆಡ್‌ನ ಓದಿ ಯಾರನ್ನೂ ಸೇರಿಸ್ಕೊಳ್ಳೋದೇ ಬೇಡ ಅನ್ನೋರಿಗೆ ನಾನು ಇದನ್ನೇ ಹೇಳೋದು, ಎರಡನೇ ಮನುಷ್ಯರಿಲ್ದೆ ಕಾವಲು ಹಾಕೋಕೇ ಆಗಲ್ಲ.

ಮೂರನೇದು ಅವಳು. ಸೆಪ್ಟೆಂಬರ್‌ನಲ್ಲಿ ನಿಮ್ಹಾನ್ಸ್ ಕನ್ವೆನ್ಶನ್ ಸೆಂಟರ್‌ನಲ್ಲಿ ಇಂಡಿಯಾಫಾಸ್ ಅನ್ನೋ ಓಪನ್ ಸೋರ್ಸ್ ಸಮ್ಮೇಳನ ನಡೀತಲ್ಲ, ಇಬ್ರೂ ಹೋಗಿದ್ವಿ, ಊಟದ ಹೊತ್ತಲ್ಲಿ ಹೊರಗೆ ಮೆಟ್ಟಿಲ ಮೇಲೆ ಕೂತು ನೇರವಾಗಿ ಕೇಳ್ದೆ, ಮೇಂಟೇನರ್ ಆಗ್ತೀಯಾ ಅಂತ. ಅವಳು ತಕ್ಷಣ ಹೂಂ ಅನ್ಲಿಲ್ಲ. "ಅಕ್ಕ, ನಾನು ಕಂಪ್ಯೂಟರ್ ಸೈನ್ಸ್ ಓದಿದವಳಲ್ಲ, ಜನ ಒಪ್ತಾರಾ" ಅಂದ್ಲು. ಒಂದು ಕನ್ನಡ ಲೈಬ್ರರಿಗೆ ಕನ್ನಡ ಎಂ.ಎ. ಮಾಡಿರೋಳು ಯಾಕೆ ಬೇಡ, ನೀನು ಕಂಡುಹಿಡಿದ ಅರ್ಧದಷ್ಟು ಬಗ್ ನಂಗೆ ಜನ್ಮದಲ್ಲಿ ಕಾಣ್ತಿರ್ಲಿಲ್ಲ ಅಂದೆ, ಅದು ಸಮಾಧಾನಕ್ಕೆ ಹೇಳಿದ್ದಲ್ಲ, ಕಮಿಟ್ ಹಿಸ್ಟರಿ (ಯಾರು ಏನು ಬದಲಾಯಿಸಿದ್ರು ಅನ್ನೋ ದಾಖಲೆ) ತೆಗೆದು ನೋಡಿದ್ರೆ ಯಾರಿಗಾದ್ರೂ ಗೊತ್ತಾಗುತ್ತೆ. ಯೋಚ್ನೆ ಮಾಡ್ತೀನಿ ಅಂತ ಹೋದವಳು ಮಾರನೇ ವಾರ ಒಂದು ಷರತ್ತು ಹಾಕಿದ್ಲು: ವಾರಕ್ಕೆ ಇಷ್ಟು ಹೊತ್ತು ಅಂತ ಯಾರೂ ಕೇಳಬಾರ್ದು, ಪರೀಕ್ಷೆ ಮದುವೆ ಕಾಯಿಲೆ ಅಂತ ತಿಂಗಳುಗಟ್ಲೆ ಮಾಯ ಆದ್ರೂ ಬೇಜಾರು ಮಾಡ್ಕೋಬಾರ್ದು. ಇದನ್ನ ಕೇಳಿ ನಂಗೆ ಎಷ್ಟು ಸಂತೋಷ ಆಯ್ತು ಅಂದ್ರೆ, ಅದೇ ನಿಯಮ ನಂಗೂ ಅನ್ವಯ ಅಂತ ಇಬ್ರೂ ಸೇರಿ ಪ್ರಾಜೆಕ್ಟಿನ ಪರಿಚಯ ಇರೋ ರೀಡ್‌ಮೀ ಫೈಲಲ್ಲೇ ಬರ್ದು ಹಾಕಿದ್ವಿ. ಇಷ್ಟು ದಿನದಲ್ಲಿ ಉತ್ತರ ಕೊಡ್ತೀವಿ ಅನ್ನೋ ಮಾತು ಈಗ ಅಲ್ಲಿಲ್ಲ, ಆದಾಗ ನೋಡ್ತೀವಿ, ನೋಡಿದ್ದನ್ನ ಸರಿಯಾಗಿ ನೋಡ್ತೀವಿ ಅಂತಿದೆ.

ದೀಪಾವಳಿಗೆ ನಾನು ಹಾಸನದ ಹತ್ರ ನಮ್ಮೂರಿಗೆ ಹೋಗಿದ್ದಾಗ ಅವಳು ತನ್ನ ಮೊದಲ ರಿಲೀಸ್ ತಯಾರು ಮಾಡಿದ್ಲು. ಪೈಥಾನ್ 3.9ರ ಬೆಂಬಲ ಅಕ್ಟೋಬರ್‌ಗೆ ಮುಗೀತು, ಅದನ್ನ ಕೈಬಿಟ್ಟು 3.14ರ ಮೇಲೆ ಓಡ್ಸಿ ನೋಡಿದ ರಿಲೀಸ್ ಅದು, ಅಂಥ ವಿಶೇಷ ಏನಿಲ್ಲ. ಊರಲ್ಲಿ ನೆಟ್‌ವರ್ಕ್ ತೋಟದ ಮೂಲೇಲಿ ಮಾತ್ರ ಸಿಗೋದು, ಅಲ್ಲಿ ನಿಂತ್ಕೊಂಡು ಅವಳು ಬರ್ದ ಬದಲಾವಣೆ ಪಟ್ಟಿ ಪೂರ್ತಿ ಓದಿ ಒಪ್ಪಿಗೆ ಒತ್ತಿದೆ. ನಾನು ಇದುವರೆಗೂ ಬರ್ದ ಯಾವ ಪಟ್ಟಿಗಿಂತ ಅದು ಚೆನ್ನಾಗಿತ್ತು, ಕನ್ನಡದಲ್ಲೇ ಬರ್ದಿದ್ಲು, ಕೆಳಗೆ ಇಂಗ್ಲಿಷಲ್ಲೂ.

ಇನ್ನು ಕಷ್ಟದ ವಿಷ್ಯ. ಈ ವರ್ಷ ಬಂದ ಪುಲ್ ರಿಕ್ವೆಸ್ಟ್‌ಗಳಲ್ಲಿ ಎಐ ಕೈಲಿ ಬರ್ಸಿ ಹಾಗೇ ಕಳ್ಸಿದ್ದು ತುಂಬಾ ಇದ್ವು. ಕರ್ಲ್ ಅನ್ನೋ ದೊಡ್ಡ ಓಪನ್ ಸೋರ್ಸ್ ಪ್ರಾಜೆಕ್ಟಿನೋರು ಎಐ ಬರ್ದ ಬಗ್ ವರದಿಗಳ ಕಾಟದ ಬಗ್ಗೆ 2024ರಿಂದಲೂ ಹೇಳ್ತಾನೇ ಇದಾರೆ, ನಮ್ಮಂಥ ಸಣ್ಣೋರ ತನಕನೂ ಅದು ಬಂತು. ಎಐ ಬಳಸ್ಬೇಡಿ ಅಂತ ನಾನು ಹೇಳಲ್ಲ, ನಾನೂ ಬಳಸ್ತೀನಿ. ಆದ್ರೆ ಒಂದು ಹಳೇ ಫಾಂಟ್‌ಗೆ ಪೂರ್ತಿ ಟೇಬಲ್ ಅಂತ ಒಂದು ಬಂತು, ನೋಡೋಕೆ ಎಷ್ಟು ಸೊಗಸಾಗಿತ್ತು ಅಂದ್ರೆ ಸಾಲು ಸಾಲು ಜೋಡ್ಸಿ ಟೆಸ್ಟೂ ಬರ್ದು ಎಲ್ಲ ಹಸಿರು, ಅಂದ್ರೆ ಪಾಸ್. ಅವಳು ಪರಿಶೀಲನೆಗೆ ತಗೊಂಡು ಒಂದೇ ಪ್ರಶ್ನೆ ಕೇಳಿದ್ಲು, ಈ ಸಾಲಿನ ಸಂಕೇತ ನಿಮಗೆ ಯಾವ ಫೈಲಲ್ಲಿ ಸಿಕ್ತು ಅಂತ. ಉತ್ತರ ಬರ್ಲಿಲ್ಲ. ನಮ್ಮ ಹತ್ರ ಆ ಫಾಂಟಿನ ಒಂದು ಪುಟ ಇತ್ತು, ಹಾಕಿ ನೋಡಿದ್ರೆ ಮಹಾಪ್ರಾಣಗಳೆಲ್ಲ ಕಲ್ಪನೆ, ಟೆಸ್ಟ್ ಹಸಿರಾಗಿದ್ದು ಅದೇ ಕಲ್ಪನೆಯನ್ನ ಟೆಸ್ಟ್‌ನಲ್ಲೂ ಬರ್ದಿದ್ದಕ್ಕೆ. ಇಂಥದ್ದು ಒಳಗೆ ಹೋಗಿದ್ರೆ ಯಾರದೋ ಪುಸ್ತಕದಲ್ಲಿ ಘ ಇರೋ ಕಡೆಯೆಲ್ಲ ಧ ಆಗಿ ಕೂತಿರೋದು, ಮೂಲ ಫೈಲ್ ಬಿಸಾಕಿದ್ಮೇಲೆ ಅದನ್ನ ತಿದ್ದೋರು ಯಾರು. ಆವತ್ತಿಂದ ನಿಯಮ: ಟೇಬಲ್‌ಗೆ ಒಂದು ಸಾಲು ಸೇರ್ಸಬೇಕಾದ್ರೂ ಅಚ್ಚಾದ ಪುಟದ ಒಂದು ಪದ ಸಾಕ್ಷಿಯಾಗಿ ಬೇಕು. ಕೆಲವ್ರಿಗೆ ಕೋಪ ಬಂತು, ಇಷ್ಟು ಕಟ್ಟುನಿಟ್ಟು ಮಾಡಿದ್ರೆ ಯಾರು ಬರ್ತಾರೆ ಅಂದ್ರು. ಬರೋರು ಬಂದ್ರು, ಬೆಳಗಾವಿಯಿಂದ ಒಬ್ರು ಮೇಷ್ಟ್ರು ತಮ್ಮ ಕಾಲೇಜಿನ ಹಳೇ ವಾರ್ಷಿಕ ಸಂಚಿಕೆ ಪುಟಗಳ ಫೋಟೋ ಹಾಕಿ ಒಂದೊಂದೇ ಸಾಲು ಸೇರ್ಸಿದ್ರು.

ಸಂತೋಷದ್ದೂ ಒಂದು ಹೇಳ್ಲೇಬೇಕು. ಪದಬಂಧ ಮಾಡೋ ನಿವೃತ್ತ ಟೀಚರ್ ಒಬ್ರು ಬಸವನಗುಡೀಲಿ ಇದಾರೆ, ಅವ್ರ ಮೊಮ್ಮಗ ನಮ್ಮ ಲೈಬ್ರರಿ ಹಾಕ್ಕೊಂಡು ಅವ್ರಿಗೊಂದು ಸಣ್ಣ ಪ್ರೋಗ್ರಾಂ ಬರ್ದುಕೊಟ್ಟಿದಾನೆ. ಪದಬಂಧದ ಚೌಕದಲ್ಲಿ ಕನ್ನಡ ಅಂದ್ರೆ ಕ, ನ್ನ, ಡ ಮೂರು ಮನೆ, ಅದ್ರಲ್ಲಿ ಎರಡು ಮಾತಿಲ್ಲ. ಪೈಥಾನ್‌ನ ಕೇಳಿದ್ರೆ ಉದ್ದ ಐದು ಅನ್ನುತ್ತೆ, ಹಲಂತನೂ ಬೇರೆ ಎಣಿಸುತ್ತಲ್ಲ. ಯೂನಿಕೋಡ್‌ನ ಗ್ರಾಫೀಮ್ ನಿಯಮದ (ಓದೋರಿಗೆ ಒಂದು ಅಕ್ಷರ ಅಂದ್ರೆ ಯಾವುದು ಅನ್ನೋ ನಿಯಮ) ಪ್ರಕಾರ ಬಿಡ್ಸಿದ್ರೆ ನಾಲ್ಕು, ಕ, ನ್, ನ, ಡ. 2023ರ ಯೂನಿಕೋಡ್ 15.1ರಲ್ಲಿ ಒತ್ತಕ್ಷರ ಒಡೀಬಾರ್ದು ಅಂತ ಹೊಸ ನಿಯಮ ತಂದ್ರು, ಆ ಪಟ್ಟೀಲಿ ದೇವನಾಗರಿ ಇತ್ತು, ತೆಲುಗು ಇತ್ತು, ಮಲಯಾಳಂ ಇತ್ತು, ಕನ್ನಡ ಇರ್ಲಿಲ್ಲ. ಹಾಗಾಗಿ ನಮ್ಮ ಅಕ್ಷರ ಬಿಡಿಸೋ ಕೋಡ್ ನಾವೇ ಬರ್ದಿದ್ದು. ಪಠ್ಯದಲ್ಲಿ ಪದ ಹುಡುಕೋಕೆ ಬಳಸೋ ಪೈಥಾನ್‌ನ ಸಾಮಾನ್ಯ ರೆಗ್ಯುಲರ್ ಎಕ್ಸ್‌ಪ್ರೆಶನ್‌ಗೂ ಇದೇ ರೋಗ, ಅದಕ್ಕೆ ಹಲಂತ, ಗುಣಿತದ ಚಿಹ್ನೆ ಅಕ್ಷರ ಅಂತ ಅನ್ಸಲ್ಲ, ಕನ್ನಡ ಅನ್ನೋದನ್ನ ಕನ, ನಡ ಅಂತ ಎರಡು ಪದ ಮಾಡಿ ಎಣಿಸುತ್ತೆ, ಇದನ್ನ ಗಮನಿಸದೆ ಕನ್ನಡದ ಪದ ಎಣಿಕೆ ಮಾಡಿದ ಸಂಶೋಧನಾ ಕೆಲ್ಸಗಳನ್ನ ನೋಡಿದ್ರೆ ಹೊಟ್ಟೆ ಉರಿಯುತ್ತೆ. ಟೀಚರ್ ಮಾತ್ರ ಫೋನ್ ಮಾಡಿ ಕೇಳಿದ್ದು ಬೇರೆನೇ, ಸಾಫ್ಟ್‌ವೇರ್ ಅನ್ನೋದ್ರ ಕೊನೇ ರ್ ಒಂದು ಮನೆಯಾ, ಹಿಂದಿನ ಅಕ್ಷರದ ಜೊತೆ ಸೇರುತ್ತಾ ಅಂತ. ಅದು ಪದಬಂಧದೋರು ನಿರ್ಧಾರ ಮಾಡೋ ವಿಷ್ಯ, ನಾವು ಎರಡಕ್ಕೂ ಆಯ್ಕೆ ಕೊಟ್ಟಿದೀವಿ.

ದುಡ್ಡಿನ ಬಗ್ಗೆ ಎಲ್ಲರೂ ಕೇಳ್ತಾರೆ. ಬೆಂಗ್ಳೂರಿನ ಷೇರು ವಹಿವಾಟಿನ ಕಂಪ್ನಿ ಜೆರೋಧಾದೋರು 2024ರಲ್ಲಿ ಫ್ಲಾಸ್ ಫಂಡ್ ಅಂತ ವರ್ಷಕ್ಕೆ ಹತ್ತು ಲಕ್ಷ ಡಾಲರ್ ಇಟ್ಟು ಓಪನ್ ಸೋರ್ಸ್‌ಗೆ ಕೊಡ್ತೀವಿ ಅಂದಿದ್ದು ಒಳ್ಳೇ ಕೆಲ್ಸ, ದೊಡ್ಡ ಪ್ರಾಜೆಕ್ಟ್‌ಗಳಿಗೆ ಅದು ಬೇಕು. ನಮಗೆ ಸರ್ವರ್ ಇಲ್ಲ, ಬಾಡಿಗೆ ಇಲ್ಲ, ಖರ್ಚಾಗೋದು ಸಮಯ ಮಾತ್ರ, ಅದಕ್ಕೆ ಅರ್ಜಿ ಹಾಕಿಲ್ಲ. ಒಂದು ಕಂಪ್ನಿ ಮಾತ್ರ ತಮ್ಮ ಪ್ರಾಡಕ್ಟಲ್ಲಿ ನಮ್ಮ ಲೈಬ್ರರಿ ಹಾಕ್ಕೊಂಡು ಶುಕ್ರವಾರ ಸಂಜೆ ಮೇಲ್ ಮಾಡಿ ಸೋಮವಾರದೊಳಗೆ ಸರಿ ಮಾಡ್ಕೊಡಿ ಅಂತ ಕೇಳ್ತು. ಯಾರು ಬೇಕಾದ್ರೂ ಬಳಸ್ಬಹುದಾದ ಎಂಐಟಿ ಲೈಸೆನ್ಸು, ಬಳಸ್ಕೊಳ್ಳಿ, ತಿದ್ದಿ ಕಳ್ಸಿದ್ರೆ ಸಂತೋಷವಾಗಿ ನೋಡ್ತೀವಿ ಅಂತ ಉತ್ತರ ಬರ್ದೆ. ತಿದ್ದಿ ಕಳ್ಸಿಲ್ಲ ಇನ್ನೂ.

ಮುಂದಿನ ವರ್ಷದ ಕೆಲ್ಸ ಎರಡು. ಒಂದು, ಕನ್ನಡ ಇಂಗ್ಲಿಷ್ ಬೆರೆತ ಪಠ್ಯ. ಹಳೇ ಫಾಂಟಲ್ಲಿ ಎರಡಕ್ಕೂ ಒಂದೇ ಸಂಕೇತ, ಯಾವ ಫಾಂಟ್ ಹಾಕಿದಾರೆ ಅನ್ನೋದು ಬಿಟ್ರೆ ಬೇರೆ ಗುರುತಿಲ್ಲ, ಹಾಗಾಗಿ ಲೇಖಕರ ಹೆಸರಿನ ಮುಂದೆ ಇಂಗ್ಲಿಷಲ್ಲಿ ಹಾಕಿರೋ ಡಿಗ್ರಿ ಕನ್ವರ್ಟ್ ಆದ್ಮೇಲೆ ಅರ್ಥ ಇಲ್ಲದ ಕನ್ನಡ ಆಗಿ ಬಿದ್ದಿರುತ್ತೆ. ಫಾಂಟಿನ ಮಾಹಿತಿ ಉಳಿಸ್ಕೊಂಡೇ ಫೈಲಿಂದ ಪಠ್ಯ ತೆಗೆಯೋದು ಬಿಟ್ರೆ ಬೇರೆ ದಾರಿ ಇಲ್ಲ ಅಂತ ನಂಗನ್ಸುತ್ತೆ, ಊಹೆ ಮಾಡೋ ಕೋಡ್ ಬರೀಬಹುದು ಅಂತ ಅವಳ ವಾದ, ಇನ್ನೂ ಜಗಳ ನಡೀತಿದೆ. ಇನ್ನೊಂದು ಶ್ರೀಲಿಪಿ, ಅದೂ ಕನ್ನಡ ಟೈಪ್ ಮಾಡೋ ಹಳೇ ಸಾಫ್ಟ್‌ವೇರ್. ಅದರಲ್ಲಿ ಕೂರ್ಸಿದ ಪುಸ್ತಕಗಳು ರಾಶಿ ಇವೆ, ನಮ್ಮ ಹತ್ರ ಮಾದರಿ ಇಲ್ಲ. ಯಾರ ಮನೇಲಾದ್ರೂ, ಪರಿಚಯದ ಡಿಟಿಪಿ ಅಂಗಡೀಲಾದ್ರೂ ಅಂಥ ಫೈಲ್ ಇದ್ರೆ ಒಂದು ಪುಟ ಸಾಕು. ಅಚ್ಚಾದ ಪುಟದ ಫೋಟೋ, ಅದೇ ಪುಟದ ಫೈಲಿಂದ ತೆಗೆದ ಪಠ್ಯ, ಫಾಂಟ್‌ನ ಪೂರ್ತಿ ಹೆಸರು, ಮೂರೂ ಬೇಕು. ಜನರ ಫೋನ್ ನಂಬರ್ ವಿಳಾಸ ಇರೋ ಮದುವೆ ಕಾರ್ಡ್ ಕಳಿಸ್ಬೇಡಿ. ಬಂದಿದ್ದನ್ನ ಮೊದ್ಲು ಅವಳು ನೋಡ್ತಾಳೆ, ಸಂಕ್ರಾಂತಿ ತನಕ ನಾನು ರಜ ತಗೊಂಡಿದೀನಿ.